ನನ್ನ ಬೆಲೆ ಆಮೇಲೆ ಕೇಳಿ, ಮೊದಲು ಕಾಗದದ ಬೆಲೆ ಕೇಳಿ

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿ, ಚಾರ್ಜರ್‌ಗಳಿಗೂ ಪೆನ್‌ಡ್ರೈವ್‌ಗಳಿಗೂ ನಡುವೆ, ಟಿಫಿನ್ ಡಬ್ಬಿಯಷ್ಟಿರುವ ಫೋಟೋ ಪ್ರಿಂಟರೊಂದು ಕೂತಿದೆ. ಗಿರಾಕಿಗಳಿಲ್ಲದ ಮಧ್ಯಾಹ್ನದ ಹೊತ್ತಿನಲ್ಲಿ ಅದು ನಮ್ಮೊಡನೆ ಮನಬಿಚ್ಚಿ ಮಾತಾಡಿತು.

ನಾವು: ತಮ್ಮ ಪರಿಚಯ?

ಪ್ರಿಂಟರ್: ಕ್ಯಾನನ್ ಮನೆತನ. ಹೆಸರು ಸೆಲ್ಫಿ ಸಿಪಿ1500. ಹುಟ್ಟಿದ್ದು 2022ರಲ್ಲಿ. ಕುಲ ಕೇಳಿದರೆ ಡೈ-ಸಬ್ಲಿಮೇಶನ್. ಶಾಯಿ ಚಿಮ್ಮಿಸುವವರಲ್ಲ ನಾವು. ರಿಬ್ಬನ್ನಿನಲ್ಲಿರುವ ಬಣ್ಣವನ್ನು ಕಾಯಿಸಿ, ಆವಿ ಮಾಡಿ, ಕಾಗದಕ್ಕೆ ಇಳಿಸುವವರು. ಮಡಿ ಸ್ವಲ್ಪ ಜಾಸ್ತಿ. ಪೇಟೆಯಲ್ಲಿ ಸಿಗುವ ಮಾಮೂಲಿ ಗ್ಲಾಸಿ ಪೇಪರ್ ಮುಟ್ಟುವುದಿಲ್ಲ.

ನಾವು: ಕೆಲಸ ಹೇಗೆ ಮಾಡುತ್ತೀರಿ?

ಪ್ರಿಂಟರ್: ನಾಲ್ಕು ಸುತ್ತು. ಮೊದಲನೆಯದು ಹಳದಿ. ಆಗ ಹಾಳೆ ಹೊರಗೆ ಇಣುಕಿದಾಗ ನೋಡಿದರೆ ನಿಮ್ಮ ಅತ್ತೆಯವರಿಗೆ ಕಾಮಾಲೆ ಹಿಡಿದ ಹಾಗಿರುತ್ತೆ. ಎರಡನೇ ಸುತ್ತು ಮಜೆಂಟಾ. ಯಾರ ಮೇಲೋ ಸಿಟ್ಟು ಬಂದು ಮುಖ ಕೆಂಪೇರುತ್ತೆ. ಮೂರನೆಯದು ಸಯಾನ್. ಹಿಂದಿನ ತೆಂಗಿನಮರ ಹಸಿರಾಗುತ್ತೆ, ಸೀರೆಯ ಅಂಚು ನೀಲಿಯಾಗುತ್ತೆ, ಅತ್ತೆ ಅತ್ತೆಯಾಗುತ್ತಾರೆ. ನಾಲ್ಕನೇ ಸುತ್ತಿಗೆ ಬಣ್ಣವಿಲ್ಲದ ತೆಳು ಪೊರೆ ಹೊದಿಸುತ್ತೇನೆ, ಬೆರಳಚ್ಚು ಮತ್ತು ನೀರಹನಿ ತಾಗದಿರಲಿ ಅಂತ. ಎಲ್ಲ ಸೇರಿ ಮುಕ್ಕಾಲು ನಿಮಿಷವೂ ಬೇಡ. ಪ್ರತಿ ಸುತ್ತಿಗೂ ಹಾಳೆ ನನ್ನ ಬೆನ್ನ ಹಿಂದಕ್ಕೆ ಚಾಚಿಕೊಳ್ಳುತ್ತೆ. ಆದರೆ ಜನ ನನ್ನನ್ನು ಶೋಕೇಸಿನಲ್ಲಿ ಗೋಡೆಗೆ ಒತ್ತಿ ಕೂರಿಸುತ್ತಾರೆ. ಹಾಳೆ ಗೋಡೆಗೆ ಗುದ್ದಿಕೊಂಡು ಸಿಕ್ಕಿಹಾಕಿಕೊಂಡರೆ ಬೈಗುಳ ನನಗೆ.

ನಾವು: ಮಧ್ಯದಲ್ಲಿ ಕರೆಂಟು ಹೋದರೆ?

ಪ್ರಿಂಟರ್: ಅತ್ತೆಗೆ ಕಾಮಾಲೆ ಖಾಯಂ. ಬ್ಯಾಟರಿ ಇದೆ, ಆದರೆ ಅದಕ್ಕೆ ಬೇರೆ ದುಡ್ಡು.

ನಾವು: ದುಡ್ಡಿನ ಮಾತು ಬಂತಲ್ಲ. ತಾವು ದುಬಾರಿಯಂತೆ?

ಪ್ರಿಂಟರ್: ಈಗ ವಿಷಯಕ್ಕೆ ಬಂದಿರಿ. ಗಿರಾಕಿಗಳು ನನ್ನ ಬೆಲೆಯಲ್ಲಿ ಐನೂರು ಇಳಿಸಲು ಅರ್ಧ ಗಂಟೆ ಚೌಕಾಸಿ ಮಾಡುತ್ತಾರೆ. ಪಕ್ಕದಲ್ಲೇ ಇರುವ ಕಾಗದದ ಪೊಟ್ಟಣ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಸ್ವಾಮಿ, ನಾನು ಒಂದು ಸಲದ ಖರ್ಚು, ಅದು ಜನ್ಮದ ಖರ್ಚು. ಒಂದು ಪೊಟ್ಟಣದಲ್ಲಿ 108 ಹಾಳೆ, 36 ಫೋಟೋಕ್ಕೊಂದರಂತೆ ಮೂರು ರಿಬ್ಬನ್. ಅಷ್ಟೋತ್ತರ ಮುಗಿದ ಕೂಡಲೇ ನಿಮ್ಮ ಜೇಬಿಗೆ ಮಂಗಳಾರತಿ. ಪೊಟ್ಟಣದ ಬೆಲೆಯನ್ನು 108ರಿಂದ ಭಾಗಿಸಿ. ನಿಮ್ಮ ಬೀದಿಯ ಸ್ಟುಡಿಯೋದವರು ಮ್ಯಾಕ್ಸಿ ಸೈಜಿಗೆ ಎಷ್ಟು ತೆಗೆದುಕೊಳ್ಳುತ್ತಾರೆ ಅಂತ ವಿಚಾರಿಸಿ. ಎರಡೂ ಅಂಕಿ ಎದುರಿಟ್ಟುಕೊಂಡು, ಆಮೇಲೆ ಬಿಳಿ ಪ್ರಿಂಟರ್ ಚೆನ್ನಾಗಿರುತ್ತೋ ಕಪ್ಪೋ ಅಂತ ಜಗಳವಾಡಿ. ಒಂದು ಸಮಾಧಾನ ಅಂದರೆ ಲೆಕ್ಕದಲ್ಲಿ ಮೋಸವಿಲ್ಲ. ಕತ್ತಲಲ್ಲಿ ಚಂದ್ರ ಒಬ್ಬನೇ ಇರುವ ಫೋಟೋಕ್ಕೂ ಮದುವೆ ಮಂಟಪದ ಫೋಟೋಕ್ಕೂ ಹಿಡಿಯುವ ರಿಬ್ಬನ್ ಅಷ್ಟೇ.

ನಾವು: ಬಂಧುಬಳಗದ ಬಗ್ಗೆ ಹೇಳಿ. ಎಲ್ಲರೂ ಕ್ಷೇಮವೇ?

ಪ್ರಿಂಟರ್: ಜಿಂಕ್ ಅಂತ ಒಬ್ಬನಿದ್ದಾನೆ. ಪೋಲರಾಯ್ಡ್ ಮನೆಯಲ್ಲಿ ಬೆಳೆದು 2005ರಲ್ಲಿ ಬೇರೆ ಸಂಸಾರ ಹೂಡಿದವನು. ಎಚ್‌ಪಿ ಸ್ಪ್ರಾಕೆಟ್ ಅಂತ ಮಾರುತ್ತಾರಲ್ಲ, ಅದರ ಹೊಟ್ಟೆಯಲ್ಲಿರುವುದು ಇವನೇ. ಶಾಯಿಯೂ ಇಲ್ಲ, ರಿಬ್ಬನ್ನೂ ಇಲ್ಲ. ಬಣ್ಣದ ಹರಳುಗಳು ಕಾಗದದಲ್ಲೇ ಅಡಗಿದ್ದು ಬಿಸಿ ತಾಗಿದಾಗ ಹೊರಬೀಳುತ್ತವೆ. 2×3 ಇಂಚಿನ ಚಿತ್ರ, ಬೆನ್ನಿಗೆ ಅಂಟು. ಕಾಲೇಜು ಮಕ್ಕಳ ನೋಟ್‌ಬುಕ್ಕಿಗೆ ಹೇಳಿ ಮಾಡಿಸಿದ್ದು. ಬಣ್ಣ ಹೇಗೆ ಅಂತ ಮಾತ್ರ ಕೇಳಬೇಡಿ, ಸಂಬಂಧಿಕ, ನಾನು ಹೇಳಬಾರದು. ಸ್ಪ್ರಾಕೆಟ್‌ನ ಕಾಗದದ ಪೊಟ್ಟಣದಲ್ಲಿ ಒಂದು ನೀಲಿ ಹಾಳೆ ಇರುತ್ತೆ. ಬಣ್ಣ ಹೊಂದಿಸಿಕೊಳ್ಳಲು ಪ್ರಿಂಟರ್ ಮೊದಲು ಅದನ್ನು ಎಳೆದುಕೊಳ್ಳಬೇಕು. ನಮ್ಮ ಜನ ಪ್ಯಾಕಿಂಗ್ ಅಂದುಕೊಂಡು ಮೊದಲು ಬಿಸಾಡುವುದೂ ಅದನ್ನೇ.

ಫ್ಯೂಜಿಯವರ ಇನ್‌ಸ್ಟ್ಯಾಕ್ಸ್ ಮಿನಿ ಲಿಂಕ್ 2019ರಲ್ಲಿ ಬಂದ ಶೋಕಿಲಾಲ. ಅವನದು ಕಾಗದವಲ್ಲ, ಅಸಲಿ ಫಿಲ್ಮು. 62×46 ಮಿಲಿಮೀಟರ್ ಚಿತ್ರ, ಸುತ್ತ ಬಿಳಿ ಅಂಚು, ಪೊಟ್ಟಣಕ್ಕೆ ಹತ್ತೇ. ಒಳಗೆ ಎಷ್ಟು ಉಳಿದಿದೆ ನೋಡೋಣ ಅಂತ ಮುಚ್ಚಳ ತೆಗೆದಿರೋ, ಬೆಳಕು ಬಿದ್ದು ಫಿಲ್ಮು ಹಾಳು. ಹುಟ್ಟುಹಬ್ಬದ ಪಾರ್ಟಿಗೆ ಅವನೇ ಹೀರೋ. ಬಿಲ್ಲು ಅಪ್ಪನದು.

ಇನ್ನು ಟ್ಯಾಂಕ್ ಇಂಕ್‌ಜೆಟ್ ದೊಡ್ಡಪ್ಪ. ಎಪ್ಸನ್‌ನವರು 2010ರಲ್ಲಿ ಮೊದಲು ಇಂಡೋನೇಷ್ಯಾದಲ್ಲಿ ಇಳಿಸಿದ್ದು. ಮಕ್ಕಳ ಪ್ರಾಜೆಕ್ಟು, ರೈಲು ಟಿಕೆಟ್ಟು, ಗ್ಲಾಸಿ ಪೇಪರ್ ಹಾಕಿದರೆ ಫೋಟೋ, ಎಲ್ಲಕ್ಕೂ ಸೈ, ಖರ್ಚೂ ಕಡಿಮೆ. ಆದರೆ ವಾರಗಟ್ಟಲೆ ಮಾತಾಡಿಸದೆ ಬಿಟ್ಟರೆ ಮೂಗು ಕಟ್ಟಿಕೊಂಡು ಕೂರುತ್ತಾರೆ. ಆಮೇಲೆ ಹೆಡ್ ಕ್ಲೀನಿಂಗ್ ಅಂತ ಕುಡಿಯುವ ಶಾಯಿ ಎಷ್ಟು! ನನಗೆ ಆ ರೋಗವಿಲ್ಲ. ಯುಗಾದಿಯಿಂದ ದೀಪಾವಳಿವರೆಗೆ ಬೀರುವಿನಲ್ಲಿಟ್ಟರೂ ನನ್ನ ರಿಬ್ಬನ್ ಒಣಗುವುದಿಲ್ಲ.

(ಕೊನೆಯದು ಆತ್ಮಪ್ರಶಂಸೆಯಾದರೂ ಸತ್ಯ. ಅಪರೂಪಕ್ಕೆ ಮುದ್ರಿಸುವ ಮನೆಗೆ ಈ ಒಂದು ಗುಣಕ್ಕಾಗಿಯೇ ಇದನ್ನು ಕೊಳ್ಳಬಹುದು.)

ನಾವು: ನಮ್ಮ ಫೋನಿನ ಕ್ಯಾಮೆರಾ 50 ಮೆಗಾಪಿಕ್ಸೆಲ್. ಅದಕ್ಕೆ ನ್ಯಾಯ ಒದಗಿಸುತ್ತೀರಾ?

ಪ್ರಿಂಟರ್: 4×6 ಅಳತೆ, ಇಂಚಿಗೆ 300 ಚುಕ್ಕೆ. ನನಗೆ ಬೇಕಾಗಿರುವುದು 1800×1200, ಹೆಚ್ಚುಕಡಿಮೆ 22 ಲಕ್ಷ. ನೀವು ತಂದುಕೊಡುವುದು 5 ಕೋಟಿ. ಉಳಿದ ನಾಲ್ಕು ಮುಕ್ಕಾಲು ಕೋಟಿ ನುಂಗಿಹಾಕುತ್ತೇನೆ, ಇವತ್ತಿನವರೆಗೆ ಯಾವ ಲೋಕಾಯುಕ್ತರೂ ಕೇಳಿಲ್ಲ.

ನಾವು: ಜನರ ತಲೆ ಕತ್ತರಿಸುತ್ತೀರಿ ಎಂಬ ಆರೋಪವೂ ಇದೆ.

ಪ್ರಿಂಟರ್: ಅದು ಅಳತೆಯ ತಪ್ಪು ಸ್ವಾಮಿ. ಫೋನಿನ ಚಿತ್ರ ಸಾಮಾನ್ಯವಾಗಿ 4:3, ನನ್ನ ಹಾಳೆ ಹತ್ತಿರಹತ್ತಿರ 3:2. ಅಂಚಿನವರೆಗೂ ಚಿತ್ರ ತುಂಬಬೇಕೆಂದರೆ ಸುಮಾರು ಒಂಬತ್ತನೇ ಒಂದು ಪಾಲು ಹೋಗಲೇಬೇಕು. ಛತ್ರದಲ್ಲಿ ತೆಗೆದ ಗ್ರೂಪ್ ಫೋಟೋ ಆದರೆ ಮೇಲೆ ಬೆಂಚು ಹತ್ತಿ ನಿಂತ ಸೋದರಮಾವನ ತಲೆ, ಕೆಳಗೆ ಜಮಖಾನದ ಮೇಲೆ ಕೂತ ಮಕ್ಕಳ ಕಾಲು. ಮುದ್ರಿಸುವ ಮುಂಚೆ ಆಪ್‌ನಲ್ಲಿ ಚಿತ್ರವನ್ನು ಮೇಲೆ ಕೆಳಗೆ ಸರಿಸಿ ನೋಡಬಹುದು. ಯಾರು ನೋಡುತ್ತಾರೆ? ಮಾವನ ತಲೆ ಉಳಿಸುವುದೋ ಮಕ್ಕಳ ಕಾಲು ಉಳಿಸುವುದೋ ಅನ್ನುವ ತೀರ್ಮಾನ ಮನೆಯವರದು, ನನ್ನದಲ್ಲ. ಫೋಟೋ ತೆಗೆಯುವವರು ಎರಡು ಹೆಜ್ಜೆ ಹಿಂದೆ ಸರಿದಿದ್ದರೆ ಈ ಧರ್ಮಸಂಕಟವೇ ಇರುತ್ತಿರಲಿಲ್ಲ.

ನಾವು: ಮನೆಯ ಗುಟ್ಟು ಕಾಪಾಡುತ್ತೀರಾ?

ಪ್ರಿಂಟರ್: ನಾನು ಕಾಪಾಡುತ್ತೇನೆ. ರಿಬ್ಬನ್ ಕಾಪಾಡುವುದಿಲ್ಲ. ಖಾಲಿಯಾದ ರಿಬ್ಬನ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಮುದ್ರಿಸಿದ ಪ್ರತಿ ಫೋಟೋದ ನೆರಳು ಅಲ್ಲಿರುತ್ತೆ, ಹಳದಿಯಲ್ಲೊಂದು, ಮಜೆಂಟಾದಲ್ಲೊಂದು, ಸಯಾನಿನಲ್ಲೊಂದು. ಫೋನಿಗೆ ಬೆರಳಚ್ಚಿನ ಬೀಗ ಹಾಕುವವರು ಮನೆಮಂದಿಯ 36 ಮುಖಗಳನ್ನು ಸುರುಳಿ ಸುತ್ತಿ ಒಣಕಸದವರ ಕೈಗೆ ಕೊಡುತ್ತಾರೆ. ಬಿಸಾಡುವ ಮುಂಚೆ ಕತ್ತರಿ ಆಡಿಸಿ.

ನಾವು: ತಮ್ಮ ಫೋಟೋ ನೂರು ವರ್ಷ ಬಾಳುತ್ತದಂತೆ, ಹೌದೇ?

ಪ್ರಿಂಟರ್: ಆಲ್ಬಮ್ಮಿನಲ್ಲಿಟ್ಟರೆ 100 ವರ್ಷದವರೆಗೆ ಅನ್ನುತ್ತೆ ಕಂಪನಿ. ಪರೀಕ್ಷೆ ಮಾಡಿಯೇ ಹೇಳಿರುತ್ತಾರೆ, ಆದರೆ ನೂರು ವರ್ಷ ಕಾದು ಕೂತವರು ಯಾರೂ ಇಲ್ಲ. ಬಿಸಿಲು ಬೀಳುವ ಕಿಟಕಿಯ ಎದುರು ತೂಗುಹಾಕಿ, ಮೇಜಿನ ರೆಕ್ಸಿನ್ ಹೊದಿಕೆಯಡಿ ತುರುಕಿ, ಆಮೇಲೆ ನನ್ನನ್ನು ಕೇಳಬೇಡಿ.

ನಾವು: ಸ್ಟುಡಿಯೋದವರ ಹೊಟ್ಟೆಯ ಮೇಲೆ ಹೊಡೆದಿದ್ದೀರಿ ಅನ್ನುತ್ತಾರೆ.

ಪ್ರಿಂಟರ್: ಹೊಡೆದದ್ದು ಫೋನು. ರಾತ್ರಿ ಒಂಬತ್ತಕ್ಕೆ ಮಗಳು ‘ನಾಳೆ ಸ್ಕೂಲಿಗೆ ಪಾಸ್‌ಪೋರ್ಟ್ ಸೈಜ್ ಫೋಟೋ ತರಬೇಕಂತೆ’ ಅಂತ ನೆನಪಿಸಿಕೊಳ್ಳುವ ಹೊತ್ತಿಗೆ ಸ್ಟುಡಿಯೋ ಶಟರ್ ಎಳೆದಾಗಿರುತ್ತೆ. ಆಗ 35×45 ಮಿಲಿಮೀಟರಿನ ಎಂಟು ಮುಖ ಒಂದೇ ಹಾಳೆಯಲ್ಲಿ ಕೂರಿಸಿಕೊಡುವವನು ನಾನು. ಅಂಥ ರಾತ್ರಿಗಳು ನಿಮ್ಮ ಮನೆಯಲ್ಲಿ ಆಗಾಗ ಬರುವುದಿದ್ದರೆ ನನ್ನನ್ನು ಒಯ್ಯಿರಿ. ಪ್ರವಾಸದ ಇನ್ನೂರು ಫೋಟೋ ಒಟ್ಟಿಗೆ ಹಾಕಿಸುವುದಿದ್ದರೆ ಸೀದಾ ಲ್ಯಾಬಿಗೆ ಹೋಗಿ. ಈ ಮಾತನ್ನು ಮಾತ್ರ ಅಂಗಡಿಯವರ ಎದುರು ಎತ್ತಬೇಡಿ, ಕಪಾಟಿನ ಹಿಂದಿನ ಸಾಲಿಗೆ ತಳ್ಳಿಬಿಡುತ್ತಾರೆ.

ಅಷ್ಟರಲ್ಲಿ ಹೆಲ್ಮೆಟ್ ಕೈಯಲ್ಲಿ ಹಿಡಿದ ಗಿರಾಕಿಯೊಬ್ಬರು ಬಂದು ಪ್ರಿಂಟರನ್ನು ಎತ್ತಿ, ತಿರುಗಿಸಿ, ಅಡಿ ನೋಡಿ ಕೇಳಿದರು: “ಇದ್ರಲ್ಲಿ ಆಧಾರ್ ಕಾರ್ಡ್ ಜೆರಾಕ್ಸ್ ಆಗುತ್ತಾ?”

“ಎಲ್ಲಾ ಆಗುತ್ತೆ ಸಾರ್,” ಎಂದ ಅಂಗಡಿಯ ಹುಡುಗ, “ಒಂದು ಆಪ್ ಹಾಕ್ಕೋಬೇಕು ಅಷ್ಟೇ.”