ಯೊರ್ದನ್ ನಾಲೆಯ ಕೊನೆ ಭಾಗದವರು

ಪವಿತ್ರ ನಾಡಿನ ಗುಂಪು ಯಾತ್ರೆಯ ವಿಷಯದಲ್ಲಿ ದಾವಣಗೆರೆ ದೇವರಾಜ ಅರಸು ಬಡಾವಣೆಯ ಮಟ್ಟಿಗೆ ನನ್ನದೇ ಕೊನೆಯ ಮಾತು. ಯೆರೂಸಲೇಮಿಗೆ ನಾನು ಹೋಗಿಲ್ಲ. ಹೋದವರಿಗೆ ತಾವು ಕಂಡಷ್ಟೇ ಗೊತ್ತು. ನಾನಾದರೋ ಹೋಗಿಬಂದವರೆಲ್ಲರ ಫೋಟೊ, ವಿಡಿಯೊ ಮತ್ತು ಒಬ್ಬರ ಮೇಲೊಬ್ಬರು ಹೇಳುವ ದೂರುಗಳನ್ನು ಕೂಲಂಕಷವಾಗಿ ಅಧ್ಯಯನ ಮಾಡಿದ್ದೇನೆ. ಬಡಾವಣೆಯಿಂದ ಯಾರೇ ಹೊರಟರೂ ಸೂಟ್‌ಕೇಸಿನ ಸಮೇತ ಒಮ್ಮೆ ನನ್ನಲ್ಲಿಗೆ ಬಂದು ಹೋಗುತ್ತಾರೆ. ಲಗೇಜ್ ತೂಗುವ ತಕ್ಕಡಿ ನಮ್ಮ ಮನೆಯಲ್ಲಿರುವುದೂ ಅದಕ್ಕೊಂದು ಕಾರಣವಿರಬಹುದು.

ಪಕ್ಕದ ಹರಿಹರದಲ್ಲೇ ಆರೋಗ್ಯಮಾತೆಯ ಚರ್ಚ್ ಇರುವಾಗ ಅಷ್ಟು ದೂರ ಏಕೆ ಹೋಗಬೇಕು ಎಂದು ಅಜ್ಞಾನಿಗಳು ಕೇಳುವುದುಂಟು. ಆ ಚರ್ಚಿಗೆ 2019ರಲ್ಲಿ ಬಸಿಲಿಕಾ ಎಂಬ ಪದವಿಯೂ ಬಂತು. ಸೆಪ್ಟೆಂಬರ್ 8ರ ಹಬ್ಬಕ್ಕೆ ಜಾತಿಮತ ನೋಡದೆ ಜನ ಸೇರುತ್ತಾರೆ. ಆದರೆ ಹರಿಹರಕ್ಕೆ ಹೋಗಿಬಂದರೆ ಹರಕೆ ತೀರುತ್ತದೆಯೇ ಹೊರತು ಬೀಳ್ಕೊಡುಗೆ ಸಿಗುವುದಿಲ್ಲ. ಸಿಟಿ ಬಸ್ ಹತ್ತುವವನಿಗೆ ಯಾರೂ ಹಾರ ಹಾಕುವುದಿಲ್ಲ, ಫ್ಲೆಕ್ಸ್ ಕಟ್ಟುವುದಿಲ್ಲ. ಯಾತ್ರಾಶಾಸ್ತ್ರದಲ್ಲಿ ಇದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಗುಂಪಿನ ನಿಜವಾದ ಪರೀಕ್ಷೆ ಇಸ್ರೇಲ್ ಗಡಿಯಲ್ಲಿ ನಡೆಯುತ್ತದೆ. ಜೋರ್ಡಾನ್ ಕಡೆಯಿಂದ ನೆಬೋ ಬೆಟ್ಟ ನೋಡಿಕೊಂಡು ಬಂದವರನ್ನು ಮೊಮ್ಮಗಳ ವಯಸ್ಸಿನ ಅಧಿಕಾರಿಯೊಬ್ಬಳು ನಿಲ್ಲಿಸಿ, ಬ್ಯಾಗ್ ತುಂಬಿದ್ದು ಯಾರು ಎಂದು ಕೇಳುತ್ತಾಳೆ. ಜಗತ್ತಿನ ಉಳಿದೆಲ್ಲ ಯಾತ್ರಿಕರು "ನಾನೇ" ಎನ್ನುತ್ತಾರೆ. ನಮ್ಮ ಹಿರಿಯರು ಸತ್ಯಸಂಧರು. "ಸೊಸೆ ತುಂಬಿ ಕೊಟ್ಟಾಳ್ರಿ" ಎನ್ನುತ್ತಾರೆ. ಬೇರೆ ಯಾರಾದರೂ ಏನಾದರೂ ಕೊಟ್ಟಿದ್ದಾರಾ ಎಂಬ ಪ್ರಶ್ನೆಗೆ ಶೇಂಗಾ ಚಟ್ನಿಪುಡಿ ನಾದಿನಿಯದು, ಖಡಕ್ ರೊಟ್ಟಿ ಪಕ್ಕದ ಮನೆಯವರದು, ಈ ಪೊಟ್ಟಣ ಯಾರದೆಂದು ನೆನಪಿಲ್ಲ ಎಂಬ ಉತ್ತರ ಬರುತ್ತದೆ. ಗುಂಪಿನ ಜೊತೆ ಬಂದ ಫಾದರ್ ಇದನ್ನೆಲ್ಲ ಇಂಗ್ಲಿಷಿಗೆ ಅನುವಾದಿಸುವ ಗೋಜಿಗೆ ಹೋಗದೆ ಆಕಾಶ ನೋಡುತ್ತಾರೆ. ಇಡೀ ಯಾತ್ರೆಯಲ್ಲಿ ಅವರು ಅತ್ಯಂತ ಶ್ರದ್ಧೆಯಿಂದ ಪ್ರಾರ್ಥಿಸುವುದು ಇಲ್ಲೇ ಎಂಬುದು ನನ್ನ ಸಂಶೋಧನೆ.

ಇನ್ನು ಯೊರ್ದನ್. ಬಾಡಿಗೆಯ ಬಿಳಿ ನಿಲುವಂಗಿ ತೊಟ್ಟು ಯಾರ್ದೆನಿತ್ ಎಂಬಲ್ಲಿ ಮುಳುಗುವವರೆಗೆ ಎಲ್ಲ ಸುಸೂತ್ರ. ಗಲಿಲಾಯ ಸಮುದ್ರದಿಂದ ಆಗತಾನೇ ಹೊರಬಿದ್ದ ನದಿ ಅಲ್ಲಿ ತುಂಬಿಕೊಂಡಿರುತ್ತದೆ, ಫೋಟೊಗೆ ಹಸಿರೂ ಸಿಗುತ್ತದೆ. ಆದರೆ ಯೇಸುವಿಗೆ ದೀಕ್ಷಾಸ್ನಾನವಾದದ್ದು ಕೆಳಗೆ, ಯೆರಿಕೋ ಹತ್ತಿರ. ಈಚೆ ದಡದಲ್ಲಿ ಕಸ್ರ್ ಅಲ್ ಯಹೂದ್, ಆಚೆ ದಡದಲ್ಲಿ 2015ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಅಲ್ ಮಗ್ತಾಸ್. ನಡುವೆ ಕೆಲವೇ ಮೀಟರ್ ಅಗಲದ ಮಣ್ಣುಬಣ್ಣದ ನೀರು. "ಇಷ್ಟೇನಾ? ನಮ್ಮ ಭದ್ರಾ ನಾಲೆನೇ ಇದಕ್ಕಿಂತ ವಾಸಿ" ಎಂಬ ಉದ್ಗಾರ ಇಲ್ಲಿ ಹೊರಡದ ವಿಡಿಯೊ ನನ್ನ ಸಂಗ್ರಹದಲ್ಲಿ ಒಂದೂ ಇಲ್ಲ.

ಬೇರೆ ಊರಿನ ಯಾತ್ರಿಕರು ಇಲ್ಲಿ ನಿರಾಶರಾಗುತ್ತಾರೆ. ದಾವಣಗೆರೆಯವರು ಚುರುಕಾಗುತ್ತಾರೆ. ಹರಿಹರ ತಾಲ್ಲೂಕಿನಲ್ಲಿ ನಾಲೆಯ ಕೊನೆ ಭಾಗದಲ್ಲಿ ಗದ್ದೆಯಿರುವ ಒಬ್ಬರು ಒಂದು ಗುಂಪಿನಲ್ಲಿದ್ದರು. ಬೇಸಿಗೆ ಭತ್ತಕ್ಕೆ ನೀರು ಮುಟ್ಟಲಿಲ್ಲವೆಂದು ರಸ್ತೆಯಲ್ಲಿ ಕೂತು ಅನುಭವವಿದ್ದವರು. ನೀರು ನೋಡಿದ್ದೇ ಅವರು ಗೈಡನನ್ನು ಪಕ್ಕಕ್ಕೆ ಕರೆದು, ಮೇಲೆ ಗೇಟು ಯಾರ ಕೈಲಿದೆ ಎಂದು ವಿಚಾರಿಸಿದರು. ಪ್ರಶ್ನೆ ಸರಿಯಾದದ್ದೇ. ಸರೋವರದ ಬಾಯಲ್ಲೇ ದೆಗಾನ್ಯ ಅಣೆಕಟ್ಟಿದೆ. 1964ರಿಂದ ಇಸ್ರೇಲ್ ಆ ಸರೋವರದ ನೀರನ್ನು ಪಂಪ್ ಮಾಡಿ ದಕ್ಷಿಣಕ್ಕೆ ಒಯ್ದಿದೆ. ಉಪನದಿ ಯರ್ಮೂಕ್ ನೀರನ್ನು ಸಿರಿಯಾ, ಜೋರ್ಡಾನ್ ಎತ್ತಿಕೊಂಡಿವೆ. ಉಳಿದದ್ದು ಲವಣ ಸಮುದ್ರಕ್ಕೆ. ಅಲ್ಲಿಗೆ ಮುಟ್ಟುವುದು ಎಷ್ಟು ಕಡಿಮೆಯೆಂದರೆ ಆ ಸಮುದ್ರ ವರ್ಷಕ್ಕೆ ಒಂದು ಮೀಟರಿಗೂ ಹೆಚ್ಚು ಇಳಿಯುತ್ತಿದೆ. ಹಳೆ ಒಡಂಬಡಿಕೆಯನ್ನು ಅರೆದು ಕುಡಿದಿದ್ದ ಗೈಡು, "ನೀರು ಹಂಚಿಕೆಗೆ ಕಾಡಾ ಸಭೆ ಕರೆಯಲ್ವಾ? ನಾಲೆಗೆ ಆನ್ ಆಫ್ ಪದ್ಧತಿ ಇಲ್ವಾ?" ಎಂಬುದಕ್ಕೆ ಮಾತ್ರ ನಿರುತ್ತರನಾದ. ಅಷ್ಟರಲ್ಲಿ ಫಾದರ್ ಯೆಹೋಶುವನ ಗ್ರಂಥ ತೆರೆದು, ಯಾಜಕರು ಕಾಲಿಟ್ಟೊಡನೆ ಮೇಲಿನ ನೀರು ಆದಾಮ್ ಎಂಬ ಊರಿನ ಹತ್ತಿರ ನಿಂತುಹೋದ ಭಾಗ ಓದಿದರು. ಗದ್ದೆಯವರು ತಲೆಯಾಡಿಸಿದರು. "ಆಗಿಂದಲೇ ಶುರು ಅನ್ನಿ."

ಗಲಿಲಾಯದ ದೋಣಿಯಲ್ಲಿ ಯಾವ ದೇಶದ ಗುಂಪೋ ಆ ದೇಶದ ಬಾವುಟ ಏರಿಸಿ ರಾಷ್ಟ್ರಗೀತೆ ಹಾಕುವ ರೂಢಿಯಿದೆ. ಇದೇ ನೀರಿನ ಮೇಲೆ ಪೇತ್ರ ಗಾಳಿಗೆ ಹೆದರಿ ಮುಳುಗತೊಡಗಿದ್ದ. ನಮ್ಮವರು 52 ಸೆಕೆಂಡು ಅಲುಗಾಡಲಿಲ್ಲ. ದಡದ ಹೋಟೆಲಿನಲ್ಲಿ ಅದೇ ಪೇತ್ರನ ಹೆಸರಿನ ಮೀನು ತಟ್ಟೆ ತುಂಬ ಬಂತು. ಅದು ತಿಲಾಪಿಯಾ ಜಾತಿಯದೆಂದು ಗೈಡು ವಿವರಿಸುವ ಮೊದಲೇ ಹರಿಹರದವರೊಬ್ಬರು ಬೆನ್ನಿನ ಮುಳ್ಳು ನೋಡಿ ತೀರ್ಪು ಕೊಟ್ಟಿದ್ದರು: "ಜಿಲೇಬಿ. ಹೊಳೇಲಿ ಬಲೆಗೆ ಬಿದ್ರೆ ಬೈಕೊಂತೀವಿ." ಪೇತ್ರ ಹಿಡಿದ ಮೀನಿನ ಬಾಯಲ್ಲಿ ತೆರಿಗೆ ಕಟ್ಟಲು ನಾಣ್ಯವಿತ್ತೆಂದು ಸುವಾರ್ತೆ ಹೇಳುತ್ತದೆ. ಈಗ ನಾಣ್ಯ ಹೋಗುವುದು ಎದುರು ದಿಕ್ಕಿನಲ್ಲಿ.

ಕಾನಾದಲ್ಲಿ ದಂಪತಿಗಳ ಮದುವೆ ಪ್ರತಿಜ್ಞೆ ನವೀಕರಿಸಿ ಸರ್ಟಿಫಿಕೇಟ್ ಕೊಡುತ್ತಾರೆ. ಈ ಗಂಡಸನ್ನು ಸ್ವೀಕರಿಸುತ್ತೀರಾ ಎಂದು ಕೇಳಿದಾಗ ನಮ್ಮ ಬಡಾವಣೆಯ ಅಕ್ಕನವರೊಬ್ಬರು "ಬಸ್ ಕಾಯ್ತಾ ಐತಿ, ಮುಂದಿನವರನ್ನ ಕೇಳಿ" ಎಂದರು. ಸರ್ಟಿಫಿಕೇಟ್ ಸಿಕ್ಕಿತು.

ಬೇತ್ಲೆಹೇಮಿನ ಜನನ ದೇವಾಲಯದ ಬಾಗಿಲ ಎತ್ತರ ಸುಮಾರು 1.2 ಮೀಟರ್. ತಲೆ ಬಾಗದೆ ಒಳಹೋಗುವಂತಿಲ್ಲ. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇಥ್ ಮುಂದೆ ಆಯಸ್ಸು ಕಳೆದ ಹಿರಿಯರೊಬ್ಬರು ಬಾಗಿದರು ನಿಜ, ಅಳತೆ ತೆಗೆಯಲು. "ನಾಲ್ಕಡಿಗೆ ಒಂದು ಬೆರಳು ಕಮ್ಮಿ" ಎಂದು ಘೋಷಿಸಿ ಮುಂದೆ ಹೋದರು. ಯೆರೂಸಲೇಮಿನ ಸಮಾಧಿ ದೇವಾಲಯ ಆರು ಕ್ರೈಸ್ತ ಪಂಗಡಗಳ ಪಾಲಿನದು. ಅವರಲ್ಲಿ ಒಬ್ಬರಿಗೊಬ್ಬರ ಮೇಲೆ ಇರುವ ನಂಬಿಕೆಯ ಫಲವಾಗಿ ಬಾಗಿಲ ಕೀಲಿ ಶತಮಾನಗಳಿಂದ ಮುಸ್ಲಿಂ ಮನೆತನದ ಕೈಲಿದೆ. ಮೇಲಿನ ಕಿಟಕಿಯಡಿ ಒಂದು ಮರದ ಏಣಿ ಹದಿನೆಂಟನೇ ಶತಮಾನದಿಂದಲೂ ನಿಂತಿದೆ. ಎಲ್ಲರ ಒಪ್ಪಿಗೆಯಿಲ್ಲದೆ ಅದನ್ನು ಸರಿಸುವಂತಿಲ್ಲ. ಶಿಲುಬೆ ಹಾದಿಯ 14 ಸ್ಥಳಗಳನ್ನು ಕಣ್ಣೀರಿಡುತ್ತ ಮುಗಿಸಿಬಂದ ಅದೇ ಹಿರಿಯರು ಅಲ್ಲಿ ಕೇಳಿದ್ದು, ಏಣಿ ಯಾವ ಸ್ಟೋರಿನದು, ಸಹಿ ಹಾಕಿ ತಂದವರು ಯಾರು ಎಂದು.

2023ರ ಅಕ್ಟೋಬರಿನ ನಂತರ ಯುದ್ಧದಿಂದಾಗಿ ಹೊರಡಬೇಕಿದ್ದ ಗುಂಪುಗಳು ಊರಲ್ಲೇ ಉಳಿದವು. ಬೇತ್ಲೆಹೇಮಿನಲ್ಲಿ ಆ ವರ್ಷ, ಮರುವರ್ಷ ಕ್ರಿಸ್ಮಸ್ ಸಡಗರವೇ ಇರಲಿಲ್ಲ. ಇಲ್ಲಿ ಎರಡು ಪ್ರಾರ್ಥನಾ ಕೂಟಗಳು ನಡೆದವು: ಒಂದು ಶಾಂತಿಗಾಗಿ, ಇನ್ನೊಂದು ಅಡ್ವಾನ್ಸ್ ವಾಪಸಿಗಾಗಿ. ಎರಡನೆಯದಕ್ಕೆ ಕುರ್ಚಿ ಸಾಲಲಿಲ್ಲ.

ಹೋಗಿಬಂದವರ ದೊಡ್ಡ ತಲೆನೋವು ಯೊರ್ದನ್ ನೀರು. ವಿಮಾನದ ಕೈಚೀಲದಲ್ಲಿ 100 ಮಿಲಿ ಮೀರಿದ ಬಾಟಲಿ ಬಿಡುವುದಿಲ್ಲ, ಸೂಟ್‌ಕೇಸಿನಲ್ಲಿ ಖರ್ಜೂರ ತುಂಬಿರುತ್ತದೆ, ಬೀದಿಯ ಎಲ್ಲರಿಗೂ ಹಂಚಲೇಬೇಕು. ಹಾಗಾಗಿ ಪ್ರತಿ ಮನೆಯಲ್ಲೂ ರಾತ್ರಿ ಅಡುಗೆಮನೆಯ ದೀಪ ಹಾಕಿಕೊಂಡು ಪಾಲಿಕೆಯ ನಲ್ಲಿ ನೀರು ಬೆರೆಸುವ ಕಾರ್ಯ ನಡೆಯುತ್ತದೆ. ಆ ನಲ್ಲಿಗೆ ನೀರು ಕೊಡುವ ಕುಂದುವಾಡ ಕೆರೆಗೆ ನೀರು ಬರುವುದು ಭದ್ರಾ ನಾಲೆಯಿಂದ. ಬೆರಕೆಯ ಪ್ರಮಾಣ ಎಷ್ಟಿರಬೇಕೆಂದು ಕೇಳುವವರಿಗೆ ನಾನು ಕೊಡುವ ಸಲಹೆ ಇಷ್ಟೇ: ಯೊರ್ದನನ್ನು ನಲ್ಲಿ ನೀರಿಗೆ ಸುರಿಯಿರಿ, ನಲ್ಲಿ ನೀರನ್ನು ಯೊರ್ದನಿಗೆ ಸುರಿಯಬೇಡಿ. ಮೊದಲಿನದು ಆಶೀರ್ವಾದ, ಎರಡನೆಯದು ಕಲಬೆರಕೆ. ನಾಲೆಗೆ ನೀರು ಬಿಡದ ದಿನಗಳಲ್ಲಿ ಬೋರ್‌ವೆಲ್ ನೀರೂ ಆಗುತ್ತದೆ.