ಮಣ್ಣು ಮಾಡುವ ಹಕ್ಕು ಯಾರದು?

ಮಾನ್ಯ ಕಾನೂನು ಸಚಿವರೇ,

ರೈಲ್ವೆ ಪೊಲೀಸರು ಆಗಾಗ ಪತ್ರಿಕೆಗೆ ಕೊಡುವ ಪ್ರಕಟಣೆಗಳು ಜಂಕ್ಷನ್ ಊರಾದ ಅರಸೀಕೆರೆಯವರಿಗೆ ಚೆನ್ನಾಗಿ ಗೊತ್ತು. ಅಪರಿಚಿತ ಗಂಡಸಿನ ಶವ, ಕೋಲುಮುಖ, ಎಣ್ಣೆಗೆಂಪು ಮೈಬಣ್ಣ, ತುಂಬುತೋಳಿನ ಶರ್ಟು, ವಾರಸುದಾರರಿದ್ದಲ್ಲಿ ಠಾಣೆಯನ್ನು ಸಂಪರ್ಕಿಸುವುದು. ಯಾರೂ ಬಾರದಿದ್ದರೆ ಪೊಲೀಸರೇ ಮುಂದೆ ನಿಂತು ಮಣ್ಣು ಮಾಡಿಸುತ್ತಾರೆ. ಅಂಥ ಶವವನ್ನು ವೈದ್ಯಕೀಯ ಕಾಲೇಜಿಗೆ ಒಪ್ಪಿಸಲು 1957ರ ಅನಾಟಮಿ ಕಾಯ್ದೆಯೂ ಇದೆ.

ಯಾರೂ ಬಾರದ ಶವಕ್ಕೆ ಕಾನೂನಿನ ದಾರಿ ಇದೆ. ಇಬ್ಬರು ಬಂದು ‘ನಮಗೆ ಕೊಡಿ’ ಎಂದರೆ ಯಾವ ದಾರಿ?

ಈ ಜಗಳ ಎಲ್ಲಿ ಹುಟ್ಟುತ್ತದೆಂದು ಹಳ್ಳಿಯವರಿಗೆಲ್ಲ ಗೊತ್ತು. ಎರಡು ಸಂಸಾರ ಇದ್ದವನು ತೀರಿಕೊಂಡಾಗ, ಜಾತಿ ಬಿಟ್ಟು ಮದುವೆಯಾದ ಮಗಳು ಸತ್ತಾಗ. ಒಬ್ಬರು ತೆಂಗಿನ ತೋಟದ ಮೂಲೆಯಲ್ಲಿ ಹೂಳಬೇಕೆನ್ನುತ್ತಾರೆ, ಇನ್ನೊಬ್ಬರು ಸುಡಬೇಕೆನ್ನುತ್ತಾರೆ. ಕೊನೆಗೆ ಗೆಲ್ಲುವುದು ಜನಬಲ ಇದ್ದವರ ಮಾತು. ಹೆಂಡತಿ ಒಂಟಿಯಾಗಿದ್ದರೆ ಅವಳ ಮಾತನ್ನು ಕೇಳುವವರೇ ಇರುವುದಿಲ್ಲ. ಬೆಂಗಳೂರಿನ ಹೈಕೋರ್ಟಿಗೆ ಹೋಗಬಹುದು, ನಿಜ. ನೂರೈವತ್ತು ಕಿಲೋಮೀಟರಿಗೂ ಆಚೆ ಇರುವ ಆ ಬಾಗಿಲನ್ನು ಸಾವಿನ ಮನೆಯವರು ಹೊತ್ತು ಮುಳುಗುವುದರೊಳಗೆ ತಟ್ಟಲಾರರು.

ಕೋರ್ಟಿಗೆ ಹೋದವರಿಗೆ ಏನಾಯಿತು ಎಂಬುದನ್ನೂ ನೋಡಿ. ಕೇರಳದ ಹಿರಿಯ ಕಮ್ಯುನಿಸ್ಟ್ ನಾಯಕ ಎಂ. ಎಂ. ಲಾರೆನ್ಸ್ 2024ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ದೇಹದಾನವೋ ಚರ್ಚಿನ ಮಣ್ಣೋ ಎಂಬ ಮಕ್ಕಳ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟಿನ ತೀರ್ಮಾನ ಬಂದದ್ದು ಮರುವರ್ಷದ ಜನವರಿಯಲ್ಲಿ. ಅದೇ ಜನವರಿಯಲ್ಲಿ ಛತ್ತೀಸಗಢದ ಬಸ್ತರಿನಿಂದ ಇನ್ನೊಂದು ಪ್ರಕರಣ ಅದೇ ಕೋರ್ಟಿಗೆ ಬಂತು. ಕ್ರೈಸ್ತ ಪಾದ್ರಿಯೊಬ್ಬರು 7ರಂದು ತೀರಿಕೊಂಡಿದ್ದರು. ಹುಟ್ಟಿದೂರಿನಲ್ಲಿ ಹೂಳಲು ಊರವರು ಬಿಡಲಿಲ್ಲ. ಶವ ಶವಾಗಾರದಲ್ಲೇ ಉಳಿಯಿತು. 27ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಿಂದ ಭಿನ್ನ ತೀರ್ಪು. ನಮ್ಮ ಕರ್ನಾಟಕದವರೇ ಆದ ಬಿ. ವಿ. ನಾಗರತ್ನ ಅವರು, ಸ್ವಂತ ಜಮೀನಿನಲ್ಲಿ ಹೂಳಲು ಬಿಡಿ ಎಂದರು. ಸತೀಶ್ ಚಂದ್ರ ಶರ್ಮಾ ಅವರು, ಇಪ್ಪತ್ತು ಕಿಲೋಮೀಟರಿಗೂ ದೂರದ ಕ್ರೈಸ್ತ ಸ್ಮಶಾನಕ್ಕೆ ಒಯ್ಯಿರಿ ಎಂದರು. ದೊಡ್ಡ ಪೀಠಕ್ಕೆ ಕಳಿಸಿದರೆ ಶವ ಇನ್ನೆಷ್ಟು ದಿನ ಕಾಯಬೇಕು? ಇಬ್ಬರೂ ಸೇರಿ ಸಂವಿಧಾನದ 142ನೇ ವಿಧಿಯ ವಿಶೇಷ ಅಧಿಕಾರ ಬಳಸಿ ದೂರದ ಸ್ಮಶಾನಕ್ಕೇ ಆದೇಶಿಸಿದರು. ನನ್ನ ಮಟ್ಟಿಗೆ ನಾಗರತ್ನ ಅವರ ಮಾತೇ ಸರಿ. ಅಪ್ಪನನ್ನು ಸ್ವಂತ ಹೊಲದಲ್ಲಿ ಮಲಗಿಸಲು ಮಗ ದೆಹಲಿಯವರೆಗೆ ಹೋಗಬೇಕಾಯಿತು, ಹೋಗಿಯೂ ಅದು ಆಗಲಿಲ್ಲ.

ಇಂಥ ಜಗಳಕ್ಕೆ ಬೇರೆ ಕಡೆ ನಿಯಮವಿದೆ. ಇಂಗ್ಲೆಂಡಿನಲ್ಲಿ ಉಯಿಲು ಜಾರಿ ಮಾಡುವವನಿಗೆ ಶವದ ಮೇಲೆ ಮೊದಲ ಹಕ್ಕು. ತಕರಾರು ಬಂದರೆ, ಅಲ್ಲಿನ 1981ರ ಕಾಯ್ದೆಯೊಂದರಡಿ ನ್ಯಾಯಾಲಯವು ಅವನನ್ನು ಬದಿಗಿಟ್ಟು ಬೇರೆಯವರನ್ನು ನೇಮಿಸಬಲ್ಲದು. ನಮ್ಮಲ್ಲೂ ಇದಕ್ಕೊಂದು ಕಾಯ್ದೆ ಮಾಡಬಹುದು. ನಮ್ಮ ಸಂವಿಧಾನದ ರಾಜ್ಯಪಟ್ಟಿಯ 10ನೇ ನಮೂದಿನಲ್ಲಿ ಶವಸಂಸ್ಕಾರವೂ ಸ್ಮಶಾನವೂ ಇವೆ. ದೆಹಲಿಯ ಮುಖ ನೋಡುತ್ತ ಕೂರಬೇಕಿಲ್ಲ, ನಮ್ಮ ವಿಧಾನಮಂಡಲದಲ್ಲೇ ಆಗುವ ಕೆಲಸ ಇದು.

ಕಾಯ್ದೆಯಲ್ಲಿ ಸತ್ತವರು ಬರೆದಿಟ್ಟ ಮಾತಿಗೆ ಮೊದಲ ಸ್ಥಾನವಿರಲಿ. ಆಮೇಲೆ ಬಾಳಸಂಗಾತಿ, ಮಕ್ಕಳು, ಹೆತ್ತವರು. ಜಗಳ ಬಿದ್ದರೆ ತಾಲ್ಲೂಕಿನ ಸಿವಿಲ್ ನ್ಯಾಯಾಧೀಶರು, ರಜೆಯ ದಿನವಾದರೂ ಸರಿ, ಶುಲ್ಕವಿಲ್ಲದೆ ಅರ್ಜಿ ತೆಗೆದುಕೊಂಡು ಎರಡು ದಿನದೊಳಗೆ ತೀರ್ಮಾನಿಸಲಿ. ಮೇಲ್ಮನವಿ ಆಯಾ ಜಿಲ್ಲಾ ನ್ಯಾಯಾಲಯಕ್ಕೆ, ಒಂದೇ ಬಾರಿ. ಅಲ್ಲಿಯವರೆಗೆ ಶವವನ್ನು ಕಾಪಾಡುವ ಹೊಣೆ ಸರ್ಕಾರಿ ಆಸ್ಪತ್ರೆಯದಾಗಲಿ. ಮುಂದಿನ ಅಧಿವೇಶನದಲ್ಲೇ ಈ ಮಸೂದೆ ತನ್ನಿ.

ಇಂತಿ,
ಅರಸೀಕೆರೆಯ ಒಬ್ಬ ನಾಗರಿಕ