ಉದ್ರಿಯ ಔದಾರ್ಯ

'ಇಂದು ನಗದು, ನಾಳೆ ಉದ್ರಿ' ಎಂಬ ಫಲಕವನ್ನು ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿ ಗಿರಾಕಿಯನ್ನು ನಯವಾಗಿ ಸಾಗಹಾಕುತ್ತಿದ್ದ ವರ್ತಕರೇ ಈಗ ಶೀತಲ ಪಾನಕವನ್ನಿತ್ತು, 'ದುಡ್ಡಿನ ಮಾತೇಕೆ ಸ್ವಾಮೀ, ಮೊದಲು ಫ್ರಿಜ್ಜು ಮನೆ ಸೇರಲಿ' ಎಂದು ಅಂಗಲಾಚುವುದನ್ನು ಕಂಡರೆ, ಕಲಿಯುಗದಲ್ಲಿಯೂ ಔದಾರ್ಯವು ಅಳಿದಿಲ್ಲವೆಂಬ ಭ್ರಾಂತಿ ಹುಟ್ಟುವುದು ಸಹಜ. ಅಮೆರಿಕದ ಸಿಂಗರ್ ಕಂಪನಿಯವರು 1856ರಷ್ಟು ಹಿಂದೆಯೇ ಹೊಲಿಗೆಯಂತ್ರವನ್ನು ಕಂತಿನ ಮೇಲೆ ಕೊಡತೊಡಗಿದ್ದರು. ಬಟ್ಟೆ ಹೊಲಿಯುವ ಯಂತ್ರವನ್ನೇ ಜೇಬಿಗೆ ತೂತುಬೀಳುವಂತೆ ಮಾರಿದ ಆ ಪ್ರತಿಭೆಗೆ ತಲೆದೂಗಲೇಬೇಕು. 'ಶೂನ್ಯ ಬಡ್ಡಿ' ಎಂಬುದೊಂದು ಇಲ್ಲವೇ ಇಲ್ಲವೆಂದು 2013ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ತಿಳಿಹೇಳಿದರೂ, ನಗದು ಗಿರಾಕಿಗೆ ಸಲ್ಲುವ ರಿಯಾಯಿತಿಯನ್ನು ಮರೆಮಾಚಿ ಅದನ್ನೇ ಬಡ್ಡಿಯಾಗಿ ಹೀರುವ ಆ ಸೊನ್ನೆ ಇನ್ನೂ ಅಂಗಡಿಗಳಲ್ಲಿ ದುಂಡಗೆ ಮೆರೆಯುತ್ತಿದೆ. ನಮ್ಮ ನೆರೆಮನೆಯವರದಂತೂ ಕಂತು ತೀರುವ ಮೊದಲೇ ಗ್ಯಾರಂಟಿ ತೀರಿ, ಫ್ರಿಜ್ಜಿನೊಳಗೀಗ ಉಪ್ಪಿನಕಾಯಿ ಜಾಡಿಗಳು ಬೆಚ್ಚಗೆ ಕುಳಿತಿವೆ.